ಕೀಮೋ ನಡೀತಿರುವಾಗ ತೋಟಕ್ಕೆ ಹೋಗಬಹುದಾ? ಅಪ್ಪಯ್ಯ ಕೂರಲ್ಲ, ಅಮ್ಮ ಏಳೋಕೆ ಬಿಡಲ್ಲ

ಪ್ರಶ್ನೆ: ನಮಸ್ತೆ ಮೇಡಂ. ನಮ್ಮೂರು ಹೊಸನಗರ ತಾಲೂಕು. ನಮ್ಮ ಅಪ್ಪಯ್ಯನಿಗೆ 59 ವರ್ಷ, ಎರಡೂವರೆ ಎಕರೆ ಅಡಿಕೆ ತೋಟ ನೋಡ್ಕೊಂಡಿದ್ರು. ಆಗಸ್ಟ್‌ನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಯ್ತು, ಹೊಟ್ಟೆ ಕೊಯ್ದೇ ಮಾಡಿದ್ದು, ಮೂರನೇ ಸ್ಟೇಜ್ ಅಂದ್ರು. ಈಗ ಶಿವಮೊಗ್ಗದಲ್ಲಿ ಮೂರು ವಾರಕ್ಕೊಂದು ಸಲ ಆಕ್ಸಾಲಿಪ್ಲಾಟಿನ್ ಡ್ರಿಪ್, ಆಮೇಲೆ 14 ದಿನ ಕ್ಯಾಪೆಸಿಟಬಿನ್ ಮಾತ್ರೆ. ಮೂರು ಸೈಕಲ್ ಮುಗಿದಿದೆ, ಒಟ್ಟು ಎಂಟು. ಶುಗರ್ ಇದೆ, ಮಾತ್ರೇಲೇ ಕಂಟ್ರೋಲ್ ಇದೆ. ಡ್ರಿಪ್ ಹಾಕ್ಸ್ಕೊಂಡು ಬಂದ ಮಾರನೇ ದಿನ, ಅದರ ಮಾರನೇ ದಿನ ಹುರುಪಾಗಿ ಕತ್ತಿ ಹಿಡ್ಕೊಂಡು ತೋಟಕ್ಕೆ ಹೊರಟುಬಿಡ್ತಾರೆ, ಬೇಡ ಅಂದ್ರೆ ಸಿಟ್ಟು. ನಾಲ್ಕನೇ ದಿನದಿಂದ ಒಂದು ವಾರ ಮಂಚ ಬಿಟ್ಟು ಏಳಲ್ಲ. ಅಮ್ಮ ಹೇಳೋದು ಪೂರ್ತಿ ರೆಸ್ಟ್ ಮಾಡ್ಬೇಕು, ಓಡಾಡಿದ್ರೆ ರಕ್ತದಲ್ಲಿ ಬೇರೆ ಕಡೆ ಹರಡುತ್ತೆ, ಬೆವರಿದ್ರೆ ಕೀಮೋ ಔಷಧಿ ಹೊರಗೆ ಹೋಗುತ್ತೆ ಅಂತ. ಬೆಂಗಳೂರಲ್ಲಿರೋ ನನ್ನ ತಮ್ಮ ವಾಚ್ ತಂದುಕೊಟ್ಟು ದಿನಾ 10,000 ಹೆಜ್ಜೆ ಹಾಕ್ಸಿ ಅಂತಾನೆ. ಕೈ ಬೆರಳು ಜುಮ್ ಅನ್ನುತ್ತೆ, ಅಂಗೈ ಕೆಂಪಾಗಿ ಸಿಪ್ಪೆ ಏಳ್ತಿದೆ, ಮೆಟ್ಟಿಲು ಹತ್ತೋಕೆ ತೊಡೇಲಿ ಶಕ್ತಿ ಇಲ್ಲ ಅಂತಾರೆ. ಈಗ ಅಡಿಕೆ ಗೊನೆ ಇಳಿಸೋ ಕೊನೆ ಕೊಯ್ಲು ಬೇರೆ ಶುರುವಾಗಿದೆ. ಯಾರ ಮಾತು ಕೇಳೋದು? ಸುಗ್ಗಿ ಮುಗಿಯೋವರೆಗೆ ಕೀಮೋ ಮುಂದೆ ಹಾಕಬಹುದಾ ಅಂತಾನೂ ಅಪ್ಪಯ್ಯ ಕೇಳ್ತಿದಾರೆ.

ಉತ್ತರ: ನಿಮ್ಮ ಮನೇಲಿ ಮೂರು ಜನ ಮೂರು ಮಾತು ಹೇಳ್ತಿದಾರೆ, ಮೂವರದ್ದೂ ಪೂರ್ತಿ ತಪ್ಪಲ್ಲ, ಹಾಗಂತ ಒಬ್ಬರ ಮಾತನ್ನೂ ಇದ್ದಂಗೇ ತಗೊಳ್ಳೋ ಹಾಗಿಲ್ಲ. ನಾನು ಕ್ಯಾನ್ಸರ್ ಡಾಕ್ಟರ್ ಅಲ್ಲ, ಕ್ಯಾನ್ಸರ್ ಪೇಷಂಟ್‌ಗಳ ಜೊತೆ ಕೆಲಸ ಮಾಡೋ ಫಿಸಿಯೋಥೆರಪಿಸ್ಟ್. ಹಾಗಾಗಿ ಔಷಧಿ ಡೋಸ್ ವಿಷಯ ಬಂದಲ್ಲೆಲ್ಲ ನಿಮ್ಮ ಆಂಕಾಲಜಿಸ್ಟ್ ಹೇಳಿದ್ದೇ ಕೊನೇ ಮಾತು. ಓಡಾಟದ ವಿಷಯಕ್ಕೆ ಮಾತ್ರ ನಾನು ಹೇಳ್ತೀನಿ.

ಮೊದಲು ಆ ಎರಡು ದಿನದ ಹುರುಪಿನ ಕಥೆ. ಆಕ್ಸಾಲಿಪ್ಲಾಟಿನ್ ಕೊಡುವಾಗ ವಾಂತಿ ಆಗದೇ ಇರ್ಲಿ ಅಂತ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಕೊಡ್ತಾರೆ, ಕೆಲವರಿಗೆ ಮನೆಗೆ ಬಂದ್ಮೇಲೂ ಒಂದೆರಡು ದಿನ ಮಾತ್ರೆ ಇರುತ್ತೆ, ನಿಮ್ಮ ಚೀಟಿ ತೆಗೆದು ನೋಡಿ. ಅದು ಮೈಯಲ್ಲಿ ಇರೋವರೆಗೆ ಹಸಿವು ಚೆನ್ನಾಗಿರುತ್ತೆ, ರಾತ್ರಿ ನಿದ್ದೆ ಕಮ್ಮಿ, ಏನಾದ್ರೂ ಮಾಡ್ಬೇಕು ಅನ್ನೋ ಚಡಪಡಿಕೆ, ಶುಗರ್ ಕೂಡ ಏರುತ್ತೆ. ಅದು ಇಳಿದ ಮೇಲೆ ಎಲ್ಲಾ ಒಟ್ಟಿಗೆ ಕುಸಿಯುತ್ತೆ. ಅಂದ್ರೆ ನಿಮ್ಮ ಅಪ್ಪಯ್ಯನ ಹುರುಪು ಅರ್ಧಕ್ಕರ್ಧ ಸಾಲದ ಹುರುಪು. ಆ ಎರಡು ದಿನ ಬೆಳಗ್ಗಿಂದ ಸಂಜೆವರೆಗೆ ತೋಟದಲ್ಲಿ ದುಡಿದು ಬಂದ್ರೆ ನಾಲ್ಕನೇ ದಿನ ಸ್ಟೀರಾಯ್ಡ್ ಇಳಿಯೋದೂ, ಕೀಮೋ ಸುಸ್ತೂ, ದುಡಿದ ಸುಸ್ತೂ ಮೂರೂ ಸೇರಿ ಹೊಡೆಯುತ್ತೆ. ಆಮೇಲೆ ಒಂದು ವಾರ ಮಲಗೋದ್ರಿಂದ ಇದ್ದ ಶಕ್ತಿನೂ ಇಳೀತದೆ. ಮುಂದಿನ ಸೈಕಲ್‌ಗೆ ಇನ್ನೂ ಕೆಳಗಿಂದ ಶುರು. ಎಂಟು ಸೈಕಲ್ ಹೀಗೇ ಹೋದ್ರೆ ಕೊನೆಗೆ ಏನು ಉಳಿಯುತ್ತೆ ಅಂತ ನೀವೇ ಲೆಕ್ಕ ಹಾಕಿ.

ಈಗ ಅಮ್ಮನ ಭಯಗಳು. ಓಡಾಡಿದ್ರೆ ರಕ್ತದಲ್ಲಿ ಹರಡುತ್ತೆ ಅನ್ನೋದು ಸುಮಾರು ಮನೇಲಿ ಕೇಳಿದೀನಿ, ಹೆದರಿಕೆ ಅರ್ಥ ಆಗುತ್ತೆ. ಆದ್ರೆ ನೋಡಿ, ಮಲಗಿದ್ರೂ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಮೈಯೆಲ್ಲಾ ಸುತ್ತಿಸ್ತಾನೇ ಇರುತ್ತೆ. ಹಾಸಿಗೇಲಿ ಇದ್ದ ಮಾತ್ರಕ್ಕೆ ರಕ್ತ ನಿಂತಿರಲ್ಲ. ಕ್ಯಾನ್ಸರ್ ಹರಡೋದು ಆ ಕೋಶದ ಗುಣದ ಮೇಲೆ, ಅದು ಇನ್ನೊಂದು ಜಾಗದಲ್ಲಿ ಬೇರು ಬಿಡಬಲ್ಲದಾ ಅನ್ನೋದರ ಮೇಲೆ ನಿಂತಿದೆ. ನಡೆದಿದ್ದಕ್ಕೆ ಹರಡ್ತು ಅಂತ ತೋರಿಸೋ ಯಾವ ಆಧಾರನೂ ಇಲ್ಲ. ಬೆವರಿನ ವಿಷಯ ಇನ್ನೂ ಸುಲಭ, ಈ ಔಷಧಿಗಳು ಹೊರಗೆ ಹೋಗೋದು ಮುಖ್ಯವಾಗಿ ಮೂತ್ರದ ದಾರೀಲಿ, ಬೆವರಿ ಔಷಧಿ ಖಾಲಿ ಆಗಲ್ಲ.

ಇನ್ನೊಂದು, ನೀವು ಬರೆದಿಲ್ಲ ಆದ್ರೆ ನಮ್ಮ ಕಡೆ ಎಲ್ಲಾ ಮನೇಲೂ ಇದೆ, ಕೀಮೋ ಅಂದ್ರೆ ಉಷ್ಣ, ಅದಕ್ಕೆ ಫ್ರಿಜ್‌ನ ಮಜ್ಜಿಗೆ, ತಣ್ಣನೆ ಎಳನೀರು, ತಲೆಗೆ ತಣ್ಣೀರು. ಬೇರೆ ಕೀಮೋದಲ್ಲಿ ಏನೋ, ಆಕ್ಸಾಲಿಪ್ಲಾಟಿನ್‌ನಲ್ಲಿ ಇದು ಆಗದ ಮಾತು. ಈ ಔಷಧಿ ನರಗಳನ್ನ ತಣ್ಣಗಿನದಕ್ಕೆ ಬೆದರೋ ಹಾಗೆ ಮಾಡುತ್ತೆ. ಡ್ರಿಪ್ ಆದ ಕೆಲವು ಗಂಟೆಯಿಂದಲೇ ಶುರುವಾಗಿ ಕೆಲವು ದಿನ, ಕೆಲವರಿಗೆ ವಾರ ಇರುತ್ತೆ. ಸ್ಟೀಲ್ ಲೋಟ ಮುಟ್ಟಿದ್ರೆ ಶಾಕ್ ಹೊಡೆದಂಗೆ, ತಣ್ಣೀರು ಗುಟುಕಿಸಿದ್ರೆ ಗಂಟ್ಲು ಹಿಡ್ಕೊಂಡು ಉಸಿರೇ ಬರ್ತಿಲ್ಲ ಅನ್ನಿಸುತ್ತೆ. ಉಸಿರಿನ ದಾರಿ ಮುಚ್ಚಿರಲ್ಲ, ನರದ ಆಟ ಅದು, ಬಿಸಿನೀರು ಕುಡಿದು ಬೆಚ್ಚಗೆ ಕೂತ್ರೆ ಇಳಿಯುತ್ತೆ. ಆದ್ರೆ ಮೈಮೇಲೆ ದದ್ದು ಎದ್ದು, ಮುಖ ಊದಿ, ನಿಜವಾಗ್ಲೂ ಉಸಿರು ಕಟ್ಟಿದ್ರೆ ಅದು ಅಲರ್ಜಿ, ತಕ್ಷಣ ಆಸ್ಪತ್ರೆ.

ಮಲಗೋದ್ರಿಂದ ಏನಾಗುತ್ತೆ ಅನ್ನೋದಕ್ಕೆ ಒಂದು ಲೆಕ್ಕ ಇದೆ. 2007ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನದಲ್ಲಿ ಆರೋಗ್ಯವಾಗಿದ್ದ ವಯಸ್ಸಾದವರನ್ನ 10 ದಿನ ಹಾಸಿಗೇಲಿ ಮಲಗಿಸಿದ್ರು, ಕಾಲುಗಳಿಂದಲೇ ಒಂದು ಕೆಜಿಗೆ ಹತ್ತಿರ ಮಾಂಸಖಂಡ ಹೋಗಿತ್ತು. ಕಾಯಿಲೆ ಇಲ್ಲದವರ ಕಥೆ ಅದು. ನಿಮ್ಮ ಅಪ್ಪಯ್ಯನಿಗೆ ಆಪರೇಷನ್ ಆಗಿದೆ, ಊಟ ಕಮ್ಮಿ, ಶುಗರ್ ಇದೆ. ತೊಡೇಲಿ ಶಕ್ತಿ ಇಲ್ಲ ಅಂತಿದಾರಲ್ಲ, ಅದಕ್ಕೆ ಕ್ಯಾನ್ಸರ್ ಹೆಚ್ಚಾಗಿದೆ ಅಂತ ಗಾಬರಿ ಬೀಳೋದಕ್ಕಿಂತ ಮೊದಲು ಕಳೆದ ಮೂರು ಸೈಕಲ್‌ನಲ್ಲಿ ಎಷ್ಟು ದಿನ ಮಂಚದ ಮೇಲಿದ್ರು ಎಣಿಸಿ.

ಕೀಮೋ ಸುಸ್ತು ಅನ್ನೋದು ತೋಟದಿಂದ ಬಂದ ಸುಸ್ತಿನ ಹಾಗಲ್ಲ, ಮಲಗಿ ಎದ್ರೆ ಹೋಗಲ್ಲ. ಎಷ್ಟೋ ಜನ "ಮೇಡಂ, ಹತ್ತು ಗಂಟೆ ಮಲಗಿದ್ದೆ, ಎದ್ದಾಗ ಮೊದಲಿಗಿಂತ ಸುಸ್ತು" ಅಂತಾರೆ. ಇದಕ್ಕೆ ಹಿಮೋಗ್ಲೋಬಿನ್ ಇಳಿದಿರೋದು, ನಿದ್ದೆ ಕೆಟ್ಟಿರೋದು, ಊಟ, ಮನಸ್ಸಿನ ಭಾರ, ಮಾಂಸಖಂಡ ಕರಗಿರೋದು ಎಲ್ಲಾ ಸೇರಿರುತ್ತೆ. ಇದನ್ನ ಕಮ್ಮಿ ಮಾಡೋಕೆ ಒಳ್ಳೆ ಪುರಾವೆ ಇರೋದರಲ್ಲಿ ಓಡಾಟ, ವ್ಯಾಯಾಮ ಮುಂದಿನ ಸಾಲಲ್ಲಿದೆ. ಅಮೆರಿಕನ್ ಸೊಸೈಟಿ ಆಫ್ ಕ್ಲಿನಿಕಲ್ ಆಂಕಾಲಜಿ 2022ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಗುಣಪಡಿಸೋ ಉದ್ದೇಶದ ಟ್ರೀಟ್‌ಮೆಂಟ್ ನಡೀತಿರೋವಾಗಲೇ ನಡಿಗೆ ತರದ ವ್ಯಾಯಾಮ, ಸ್ನಾಯುಬಲದ ವ್ಯಾಯಾಮ ಎರಡನ್ನೂ ಡಾಕ್ಟರುಗಳು ಪೇಷಂಟ್‌ಗಳಿಗೆ ಹೇಳಬೇಕು ಅಂತ ಇದೆ. ಯಾಕೆ ಅಂದ್ರೆ ಸುಸ್ತು, ಆತಂಕ ಇಳಿಯುತ್ತೆ, ಶಕ್ತಿ ಉಳಿಯುತ್ತೆ. ವ್ಯಾಯಾಮ ಮಾಡಿದ್ರೆ ಕೀಮೋ ಜಾಸ್ತಿ ಕೆಲಸ ಮಾಡುತ್ತೆ ಅಂತ ಅದು ಹೇಳಿಲ್ಲ, ಹಾಗೆ ಹೇಳೋ ವಿಡಿಯೋ ಬಂದ್ರೆ ನಂಬಬೇಡಿ.

ನಿಮ್ಮ ತಮ್ಮ ಬಹುಶಃ ಓದಿರೋದು 2025ರ ಸುದ್ದಿ ಇರಬೇಕು. ಚಾಲೆಂಜ್ ಅನ್ನೋ ದೊಡ್ಡ ಅಧ್ಯಯನ, ನಿಮ್ಮ ಅಪ್ಪಯ್ಯನದ್ದೇ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 889 ಜನ, ಹೆಚ್ಚಾಗಿ ಕೆನಡಾ, ಆಸ್ಟ್ರೇಲಿಯಾದವರು. ಮೂರು ವರ್ಷ ಟ್ರೈನರ್ ಜೊತೆ ವ್ಯಾಯಾಮ ಮಾಡಿದವರಲ್ಲಿ 5 ವರ್ಷಕ್ಕೆ ಕಾಯಿಲೆ ಇಲ್ಲದೆ ಇದ್ದವರು ಶೇಕಡಾ 80.3, ಬರೀ ಪುಸ್ತಕ ಕೊಟ್ಟು ಕಳಿಸಿದವರಲ್ಲಿ ಶೇಕಡಾ 73.9. ದೊಡ್ಡ ವ್ಯತ್ಯಾಸನೇ. ಆದ್ರೆ ಆ ಜನ ವ್ಯಾಯಾಮ ಶುರು ಮಾಡಿದ್ದು ಆಪರೇಷನ್, ಕೀಮೋ ಎರಡೂ ಮುಗಿದ ಮೇಲೆ. ಜೊತೆಗೆ ವ್ಯಾಯಾಮದ ಗುಂಪಲ್ಲಿ ಸ್ನಾಯು, ಕೀಲಿನ ತೊಂದರೆನೂ ಜಾಸ್ತಿ ಕಂಡಿತ್ತು. ಹಾಗಾಗಿ ಅದು ನಿಮ್ಮ ಅಪ್ಪಯ್ಯನಿಗೆ ಎಂಟನೇ ಸೈಕಲ್ ಮುಗಿದ ಮೇಲಿನ ಪಾಠ, ಈಗ ಬೇಕಾಗಿರೋದು ಆ ಹೊತ್ತಿಗೆ ನಡೆಯೋ ಸ್ಥಿತೀಲಿ ಕಾಲು ಇಟ್ಕೊಳ್ಳೋದು. 10,000 ಹೆಜ್ಜೆ ಲೆಕ್ಕ ಈಗ ಬಿಡಿ. ವಾಚ್ ಇರ್ಲಿ, ಇವತ್ತು ಎಷ್ಟು ನಡೀತಿದಾರೆ ನೋಡೋಕೆ ಒಳ್ಳೇದು. ಮಲಗಿದ ವಾರದಲ್ಲಿ ದಿನಕ್ಕೆ 600 ಹೆಜ್ಜೆ ಅಂತ ತೋರಿಸಿದ್ರೆ, ಅದನ್ನ 1,000 ಮಾಡೋದೇ ಆ ವಾರದ ಗುರಿ.

ಇನ್ನು ತೋಟ. ಅಪ್ಪಯ್ಯನ ವಾದ ನನಗೆ ಗೊತ್ತು, "ತೋಟದಲ್ಲಿ ಮಾಡೋದೇ ಎಕ್ಸರ್ಸೈಸ್ ಅಲ್ವಾ" ಅಂತಾರೆ. ಬೇರೆ ಕಾಲದಲ್ಲಾದ್ರೆ ಹೌದು ಅಂತಿದ್ದೆ. ಈಗ ಕಷ್ಟ ಏನಂದ್ರೆ ತೋಟದ ಕೆಲಸಕ್ಕೆ ಅಳತೆ ಇಲ್ಲ, ಬಿದ್ದ ಒಂದು ಹೆಡೆ (ಅಡಿಕೆ ಸೋಗೆ) ಎತ್ತಿ ಬದಿಗೆ ಹಾಕೋಣ ಅಂತ ಹೋದವರು ಕೊನೆಗೌಡ (ಮರ ಹತ್ತಿ ಗೊನೆ ಕೊಯ್ಯೋನು) ಇಳಿಸಿದ ಗೊನೆ ಹೊತ್ಕೊಂಡು ಬರ್ತಾರೆ. ಹೊಟ್ಟೆ ಕೊಯ್ದು ಆಪರೇಷನ್ ಆದವರು ಮೊದಲ 6ರಿಂದ 8 ವಾರ ನಾಲ್ಕೈದು ಕೆಜಿಗಿಂತ ಹೆಚ್ಚು ಎತ್ತಬಾರದು ಅಂತ ಸಾಮಾನ್ಯವಾಗಿ ಹೇಳ್ತಾರೆ, ಆಮೇಲೂ ಭಾರ ನಿಧಾನಕ್ಕೆ ಏರಿಸ್ಬೇಕು. ಕೀಮೋ, ಶುಗರ್ ಎರಡೂ ಇದ್ದಾಗ ಗಾಯ ಒಳಗಿಂದ ಗಟ್ಟಿಯಾಗೋದು ನಿಧಾನ. ಹೊಲಿಗೆ ಹಾಕಿದ ಜಾಗದಲ್ಲಿ ಹರ್ನಿಯಾ ಬಂದ್ರೆ ಇನ್ನೊಂದು ಆಪರೇಷನ್. ನಿಮ್ಮ ಅಪ್ಪಯ್ಯನಿಗೆ ಮೂರು ತಿಂಗಳ ಮೇಲಾಯ್ತು ನಿಜ, ಆದ್ರೂ ಅಡಿಕೆ ಚೀಲ, ಗೊನೆ, ಗೊಬ್ಬರದ ಬುಟ್ಟಿ ಇದ್ಯಾವುದೂ ಈ ವರ್ಷ ಅವರ ಕೆಲಸ ಅಲ್ಲ. ಸಣ್ಣ ಭಾರ ಎತ್ತಬಹುದಾ ಅನ್ನೋದನ್ನ ಸರ್ಜನ್ ಹತ್ರ ಬಾಯಿಬಿಟ್ಟು ಕೇಳಿ.

ಭಾರಕ್ಕಿಂತ ನನಗೆ ಹೆಚ್ಚು ಹೆದರಿಕೆ ಇರೋದು ಅವರ ಕೈಕಾಲಿನ ವಿಷಯದಲ್ಲಿ. ಎರಡು ಬೇರೆ ಬೇರೆ ತೊಂದರೆ ನಡೀತಿದೆ. ಬೆರಳು ಜುಮ್ ಅನ್ನೋದು ಆಕ್ಸಾಲಿಪ್ಲಾಟಿನ್‌ದು, ಅಂಗೈ ಕೆಂಪಾಗಿ ಸಿಪ್ಪೆ ಏಳೋದು ಕ್ಯಾಪೆಸಿಟಬಿನ್ ಮಾತ್ರೆದು. ಜುಮ್ ಅನ್ನೋದು ಮೊದಮೊದಲು ತಣ್ಣಗಿದ್ದಾಗ ಮಾತ್ರ ಬಂದು ಹೋಗುತ್ತೆ, ಸೈಕಲ್ ಹೆಚ್ಚಾದಂಗೆ ಸೇರ್ತಾ ಹೋಗಿ ಅಲ್ಲೇ ನಿಲ್ಲಬಹುದು, ಔಷಧಿ ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಹೆಚ್ಚಾಗೋದುಂಟು. ಶುಗರ್ ಇರೋವರ ನರ ಮೊದಲೇ ಸ್ವಲ್ಪ ಸೋತಿರುತ್ತೆ. ಸಾಗರದ ಕಡೆಯ ಪೇಷಂಟ್ ಒಬ್ರು ನನ್ನ ಹತ್ರ ಬಂದಾಗ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು, ಇನ್ನೊಂದು ಆಸ್ಪತ್ರೆ ಬಾಗಿಲ ಹತ್ರ ಜಾರಿ ಬಿದ್ದಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ, ಆಯಾ ತಂದುಕೊಟ್ಟಾಗ ಕಾಲು ನೋಡ್ಕೊಂಡ್ರು. ಆ ಕಾಲಲ್ಲಿ ಅಡಿಕೆ ಮರದ ಸಂಕ ದಾಟೋದು, ಹೆಡೆ ಬಿದ್ದ ಬಸಿಗಾಲುವೆ ಹಾರೋದು ಅಂದ್ರೆ ಊಹಿಸ್ಕೊಳ್ಳಿ. ನಿಮ್ಮ ಅಪ್ಪಯ್ಯನ ಹತ್ರ ಇವತ್ತೇ ಎರಡು ಕೇಳಿ: ಅಂಗಿ ಗುಂಡಿ ಹಾಕ್ಕೊಳ್ಳೋಕೆ ಹೊತ್ತು ಹಿಡಿಯುತ್ತಾ, ನಡೆಯುವಾಗ ಚಪ್ಪಲಿ ಜಾರುತ್ತಾ. ಹೌದು ಅಂದ್ರೆ ಮುಂದಿನ ಡ್ರಿಪ್ ಹಾಕೋ ಮೊದಲೇ ಡಾಕ್ಟರಿಗೆ ಹೇಳ್ಬೇಕು, ಡೋಸ್ ಇಳಿಸೋದೋ ನಿಲ್ಲಿಸೋದೋ ಅವರು ನೋಡ್ತಾರೆ. ಎಷ್ಟೋ ಗಂಡಸರು ಹೇಳಿದ್ರೆ ಟ್ರೀಟ್‌ಮೆಂಟ್ ನಿಲ್ಲಿಸ್ತಾರೇನೋ ಅಂತ ಮುಚ್ಚಿಡ್ತಾರೆ, ಅದು ಬೇಡ.

ಅಂಗೈ ಅಂಗಾಲಿನ ತೊಂದರೆ ಉಜ್ಜೋದ್ರಿಂದ, ಒತ್ತೋದ್ರಿಂದ, ಬಿಸಿಯಿಂದ ಹೆಚ್ಚಾಗುತ್ತೆ. ಕತ್ತಿ ಹಿಡಿ, ಗುದ್ದಲಿ ಕಾವು, ಗಂಟೆಗಟ್ಟಲೆ ಬಿಗಿಯಾದ ಗಂಬೂಟು, ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋದು ಎಲ್ಲಾ ಅದೇ. ಸುಲಿಯೋದಂತೂ ಜುಮ್ ಅನ್ನೋ ಬೆರಳಲ್ಲಿ, ಪ್ಲೇಟ್‌ಲೆಟ್ ಕಮ್ಮಿ ಇರೋ ಹೊತ್ತಲ್ಲಿ ಬೇಡವೇ ಬೇಡ. ಸ್ನಾನದ್ದು ಇನ್ನೊಂದು ಫಜೀತಿ. ನಮ್ಮಲ್ಲಿ ಬಚ್ಚಲ ಹಂಡೆಯ ಕುದಿಯೋ ನೀರು ಮೈಮೇಲೆ ಸುರ್ಕೊಂಡ್ರೇ ಸ್ನಾನ, ಅದು ಅಂಗೈಗೆ ಆಗಲ್ಲ, ತಣ್ಣೀರು ನರಕ್ಕೆ ಆಗಲ್ಲ. ಉಗುರು ಬೆಚ್ಚಗಿನ ನೀರು, ಬೇಗ ಮುಗಿಸೋದು, ಒರೆಸುವಾಗ ಉಜ್ಜದೆ ಒತ್ತಿ ಒರೆಸೋದು, ಆಮೇಲೆ ಡಾಕ್ಟರ್ ಬರ್ಕೊಟ್ಟ ಕ್ರೀಮ್. ಸಿಪ್ಪೆ ಎದ್ದು ನೋವಾಗ್ತಿದ್ರೆ, ಗುಳ್ಳೆ ಬಂದ್ರೆ ಮಾತ್ರೆ ಮುಂದುವರಿಸೋದಾ ಅಂತ ಅವತ್ತೇ ಫೋನ್ ಮಾಡಿ ಕೇಳಿ, ಮುಂದಿನ ಡ್ರಿಪ್‌ವರೆಗೆ ಕಾಯಬೇಡಿ.

ನಮ್ಮ ಸೀಮೆಗೇ ಇರೋ ಇನ್ನೊಂದು ಅಪಾಯ ಉಣುಗು, ಅಂದ್ರೆ ಉಣ್ಣಿ. ಅದು ಕಚ್ಚಿ ಬರೋ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, ಇವತ್ತಿಗೂ ಹೆಚ್ಚು ಕಮ್ಮಿ ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಕೀಮೋ ಪೇಷಂಟ್‌ಗೆ ಜ್ವರ ಬಂದ್ರೆ ಅದು ಬಿಳಿ ರಕ್ತಕಣ ಇಳಿದು ಬಂದ ಸೋಂಕಾ, ಮಂಗನ ಕಾಯಿಲೆನಾ, ಇಲಿ ಜ್ವರನಾ ಅಂತ ಮನೇಲಿ ಕೂತು ಯಾರೂ ಹೇಳಕ್ಕಾಗಲ್ಲ. ಅದಕ್ಕೆ ಈ ತಿಂಗಳುಗಳಲ್ಲಿ ಸೊಪ್ಪಿನ ಬೆಟ್ಟ, ದರಗು (ಒಣ ಎಲೆ) ಗುಡಿಸೋ ಕಡೆ, ಕಾಡಿಗೆ ತಾಗಿದ ತೋಟದ ಅಂಚು ಪೂರ್ತಿ ಬಿಟ್ಟುಬಿಡಲಿ. ಮಳೆಗಾಲದಲ್ಲಿ ಕೀಮೋ ತಗೊಳ್ಳೋ ಬೇರೆಯವರು ಓದ್ತಿದ್ರೆ, ನಿಮಗೆ ಉಣುಗಿನ ಬದಲು ಇಂಬಳ (ಜಿಗಣೆ). ಇಂಬಳ ಕಚ್ಚಿದ್ರೆ ಹೇಗೂ ರಕ್ತ ಬೇಗ ನಿಲ್ಲಲ್ಲ, ಪ್ಲೇಟ್‌ಲೆಟ್ ಕಮ್ಮಿ ಇದ್ರೆ ಇನ್ನೂ ಹೊತ್ತು. ಬರಿಗಾಲಲ್ಲಿ ಗದ್ದೆ ಇಳಿಯೋದು, ಕೊಟ್ಟಿಗೆ ಬಾಚೋದು, ಬೂಸ್ಲು ಹಿಡಿದ ಹುಲ್ಲು ಕೆದಕೋದು ಎಲ್ಲಾ ಕಾಲಕ್ಕೂ ಬೇಡ.

ಹಾಗಾದ್ರೆ ಏನು ಮಾಡೋದು ಅಂದ್ರೆ, ಮೂರು ವಾರವನ್ನ ಒಂದೇ ತರ ನೋಡ್ಬೇಡಿ.

ಡ್ರಿಪ್ ಆದ ಮೊದಲ ಮೂರು ದಿನ ಹುರುಪಿದ್ರೂ ಹಿಡಿತ ಇರ್ಲಿ. ಬಿಸಿಲು ಬಂದು ಇಬ್ಬನಿ ಆರಿದ ಮೇಲೆ, ಮಫ್ಲರ್, ಕಾಲುಚೀಲ, ಕೈಗವಸು ಹಾಕ್ಕೊಂಡು ಜಗಲಿ ಮೇಲೋ ಅಂಗಳದಲ್ಲೋ 10 ನಿಮಿಷ, ಬೆಳಗ್ಗೆ ಒಂದ್ಸಲ, ಊಟ ಆದ್ಮೇಲೆ ಒಂದ್ಸಲ, ಸಂಜೆ ಬೇಗ ಒಂದ್ಸಲ. ಊಟದ ನಂತರದ ನಡಿಗೆ ಸ್ಟೀರಾಯ್ಡ್‌ನಿಂದ ಏರಿದ ಶುಗರ್‌ಗೂ ಒಳ್ಳೇದು. ಈ ದಿನಗಳಲ್ಲಿ ಕತ್ತಿ ಎತ್ತಿಡಿ ಅಂತ ನಾನು ಹೇಳಿದೆ ಅಂತಲೇ ಹೇಳಿ, ಸಿಟ್ಟು ನನ್ನ ಮೇಲೆ ಇರ್ಲಿ.

ನಾಲ್ಕನೇ ದಿನದಿಂದ ಕುಸಿಯೋ ದಿನಗಳು. ಇಲ್ಲಿ ನಡಿಗೆ ಅನ್ನೋ ಮಾತೇ ಭಾರ ಅನ್ಸುತ್ತೆ, ಅದಕ್ಕೆ ಐದೈದು ನಿಮಿಷ ಸಾಕು, ಎಚ್ಚರ ಇರೋ ಹೊತ್ತಲ್ಲಿ ಗಂಟೆಗೊಂದ್ಸಲ ಎದ್ದು ಜಗಲಿಯ ಆ ತುದಿಯಿಂದ ಈ ತುದಿ. ಹಗಲು ನಿದ್ದೆ ಅರ್ಧ ಮುಕ್ಕಾಲು ಗಂಟೆಗೆ ಮುಗಿಸಿ, ಇಲ್ಲ ಅಂದ್ರೆ ರಾತ್ರಿ ನಿದ್ದೆ ಹಾಳು. ಜೊತೆಗೆ ಕುರ್ಚಿ ವ್ಯಾಯಾಮ. ಗಟ್ಟಿ ಮರದ ಕುರ್ಚಿ ಗೋಡೆಗೆ ತಾಗಿಸಿಡಿ, ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತೆ. ಕೈ ಊರದೆ ಎದ್ದು ನಿಲ್ಲೋದು, ನಿಧಾನ ಕೂರೋದು, ಏಳುವಾಗ ಉಸಿರು ಬಿಡ್ತಾ ಏಳ್ಬೇಕು, ಬಿಗಿ ಹಿಡಿಯಬಾರದು, ಹೊಟ್ಟೆ ಹೊಲಿಗೆಗೆ ಒತ್ತಡ ಬೀಳುತ್ತೆ. ಕೈ ಊರದೆ ಆಗಲ್ಲ ಅಂದ್ರೆ ಊರಿಕೊಂಡೇ ಶುರು ಮಾಡಲಿ. ಐದು ಸಲ, ಸುಧಾರಿಸ್ಕೊಂಡು ಮತ್ತೆ ಐದು. ತೊಡೆ ಶಕ್ತಿ ವಾಪಸ್ ತರೋಕೆ ಇದಕ್ಕಿಂತ ಸಲೀಸಾದ ದಾರಿ ನಾನು ಕಂಡಿಲ್ಲ.

ಎರಡನೇ ವಾರದ ಹೊತ್ತಿಗೆ ಸುಸ್ತು ಇಳಿಯುತ್ತೆ, ಆದ್ರೆ ರಕ್ತಕಣಗಳೂ ಸಾಮಾನ್ಯವಾಗಿ ಈ ಆಸುಪಾಸಲ್ಲೇ ಕೆಳಗಿರುತ್ತೆ. ನಡಿಗೆ 15 ನಿಮಿಷಕ್ಕೆ ಏರಿಸಿ, ಸಂತೆ, ಮದುವೆ ಮನೆ, ಮಣ್ಣಿನ ಕೆಲಸದಿಂದ ದೂರ ಇರಿ. ಮಾತ್ರೆ ನಿಲ್ಲೋ ಮೂರನೇ ವಾರವೇ ಅವರ ವಾರ. 20ರಿಂದ 30 ನಿಮಿಷ, ಸ್ವಲ್ಪ ಚುರುಕಾಗಿ, ಜೊತೆಗಿರೋರ ಹತ್ರ ಮಾತಾಡ್ತಾ ನಡೆಯೋಕಾಗ್ಬೇಕು, ಹಾಡೋಕೆ ಉಸಿರು ಸಾಲಬಾರದು, ಆ ಹದ. ಜಗಲಿ ಕಂಬ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆದಂಗೆ ಬಾಗೋದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಗೋಡೆ ಪಕ್ಕ ನಿಲ್ಲೋದು, ಇವನ್ನ ವಾರಕ್ಕೆ ಎರಡು ಮೂರು ದಿನ ಸೇರಿಸಿ. ಕೊನೇದು ಸಮತೋಲನಕ್ಕೆ, ಕಾಲು ಜುಮ್ ಅನ್ನೋರಿಗೆ ಬೇಕೇ ಬೇಕು. ಯೋಗ ಮಾಡೋ ಅಭ್ಯಾಸ ಇದ್ರೆ ನಿಧಾನದ ಪ್ರಾಣಾಯಾಮ ಸರಿ, ಕಪಾಲಭಾತಿ, ನೌಲಿ, ಶೀರ್ಷಾಸನ ಬೇಡ.

ತೋಟಕ್ಕೆ ಹೋಗಲೇಬೇಕು ಅಂದ್ರೆ ಅದೂ ಈ ಮೂರನೇ ವಾರದಲ್ಲಿ, ಮನೆ ಹತ್ರದ ಗಟ್ಟಿ ದಾರಿವರೆಗೆ, ಕೈಯಲ್ಲಿ ಕತ್ತಿ ಬದಲು ಕೋಲು, ಮುಚ್ಚಿದ ಮೆತ್ತನೆ ಶೂ, ಉದ್ದ ಪ್ಯಾಂಟು, ಜೊತೆಗೆ ಒಬ್ರು. ಬಂದ ತಕ್ಷಣ ಬಟ್ಟೆ ಬದಲಿಸಿ ಉಣುಗು ಇದೆಯಾ ನೋಡಿ, ಅಂಗಾಲು ಕನ್ನಡಿ ಹಿಡಿದು ನೋಡಿ, ಮುಳ್ಳು ಚುಚ್ಚಿದ್ರೂ ಅವರಿಗೆ ಗೊತ್ತಾಗದೆ ಇರಬಹುದು. ಒಂದು ಮಾತು ಹೇಳ್ತೀನಿ, ಮೂವತ್ತು ನಲವತ್ತು ವರ್ಷ ತೋಟ ನೋಡಿದ ಮನುಷ್ಯನಿಗೆ ಸುಗ್ಗಿ ಹೊತ್ತಲ್ಲಿ ಜಗಲಿ ಮೇಲೆ ಸುಮ್ನೆ ಕೂತ್ಕೋ ಅಂದ್ರೆ ಅದೇ ಅರ್ಧ ಕಾಯಿಲೆ. ಏನಾದ್ರೂ ಕೊಡಿ ಅವರಿಗೆ. ಆಳುಗಳ ಲೆಕ್ಕ, ಒಣಗಿದ ಅಡಿಕೇಲಿ ಸರಕು, ಬೆಟ್ಟೆ, ರಾಶಿ ಇಡಿ ಅನ್ನೋ ದರ್ಜೆಗಳು ಹೇಗೆ ಬಂದಿವೆ ನೋಡಿ ಹೇಳೋದು, ಮಂಡಿಗೆ ಫೋನ್ ಮಾಡಿ ರೇಟ್ ಕೇಳೋದು, ಇವೆಲ್ಲ ಅವರೇ ಮಾಡಲಿ. ಬೇಯಿಸೋ ಒಲೆ, ಹೊಗೆ ಹತ್ರ ಮಾತ್ರ ಹೋಗೋದು ಬೇಡ.

ಶುರು ಮಾಡೋ ಮೊದಲು ಕೊನೇ ರಕ್ತ ಪರೀಕ್ಷೆ ರಿಪೋರ್ಟ್ ನೋಡ್ಕೊಳ್ಳಿ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ರೆ ಮನೆಯೊಳಗಿನ ಓಡಾಟ ಬಿಟ್ಟು ಜಾಸ್ತಿ ಬೇಡ, ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಕೆಳಗಿದ್ರೆ ತೂಕ ಎತ್ತೋದು, ಬಿಗಿ ಹಿಡಿಯೋದು ಬೇಡ. ತೋಳಲ್ಲಿ ಪಿಕ್ ಲೈನ್ (ಔಷಧಿ ಕೊಡೋಕೆ ರಕ್ತನಾಳಕ್ಕೆ ಹಾಕಿಟ್ಟ ಸಣ್ಣ ಕೊಳವೆ) ಇದ್ರೆ ಆ ಕೈಲಿ ಭಾರ ಎತ್ತಬಾರದು, ನೆನೆಸಬಾರದು. ಎದೆಯಲ್ಲಿ ಕೀಮೋಪೋರ್ಟ್ (ಔಷಧಿ ಕೊಡೋಕೆ ಚರ್ಮದಡಿ ಇಟ್ಟ ಸಣ್ಣ ಡಬ್ಬಿ) ಆದ್ರೆ ಗಾಯ ಆರಿದ ಮೇಲೆ ಅಷ್ಟು ತೊಂದರೆ ಇಲ್ಲ. ಶುಗರ್‌ಗೆ ಯಾವ ಮಾತ್ರೆ ಅಂತ ನೀವು ಬರೆದಿಲ್ಲ. ಗ್ಲಿಮೆಪಿರೈಡ್ ತರದ್ದಾದ್ರೆ, ವಾಕರಿಕೆಯಿಂದ ಊಟ ಬಿಟ್ಟ ದಿನ ಅದನ್ನ ನುಂಗಿ ನಡೆದ್ರೆ ಶುಗರ್ ತೀರಾ ಇಳೀಬಹುದು, ಊಟ ಬಿಟ್ಟ ದಿನ ಏನು ಮಾಡೋದು ಅಂತ ಮೊದಲೇ ಕೇಳಿಟ್ಕೊಳ್ಳಿ, ಜೇಬಲ್ಲಿ ಬೆಲ್ಲ ಇರ್ಲಿ.

ಈಗ ಹೇಳೋದನ್ನ ಮನೇಲಿ ಎಲ್ಲರಿಗೂ ಓದಿ ಹೇಳಿ. ಜ್ವರ 100.4 ಡಿಗ್ರಿ ಮುಟ್ಟಿದ್ರೆ ಡೋಲೋ ನುಂಗಿ ಬೆಳಗ್ಗೆ ನೋಡೋಣ ಅಂತ ಮಲಗೋ ಹಾಗಿಲ್ಲ, ಅವತ್ತು ರಾತ್ರಿನೇ ಹೊರಡಬೇಕು. ಆಸ್ಪತ್ರೇಲಿ ಕೀಮೋ ನಡೀತಿದೆ ಅಂತಾನೂ ಹೇಳಿ, ತೋಟಕ್ಕೆ ಹೋಗಿದ್ರು, ಉಣುಗು ಕಚ್ಚಿತ್ತು ಅಂತಾನೂ ಹೇಳಿ. ಎದೆನೋವಿನ ವಿಷಯ ಇನ್ನೂ ಮುಖ್ಯ, ತುಂಬಾ ಜನಕ್ಕೆ ಗೊತ್ತಿಲ್ಲ. ಕ್ಯಾಪೆಸಿಟಬಿನ್ ಕೆಲವರಲ್ಲಿ ಹೃದಯದ ರಕ್ತನಾಳ ಹಿಂಡಿಸಿ ಎದೆನೋವು ತರುತ್ತೆ. ನಡೆಯುವಾಗ ಆಗ್ಲಿ ಸುಮ್ನೆ ಕೂತಾಗ ಆಗ್ಲಿ ಎದೆ ಬಿಗಿದ್ರೆ ಗ್ಯಾಸು ಅಂತ ಸೋಡಾ ಕುಡಿಸ್ಬೇಡಿ, ಮುಂದಿನ ಮಾತ್ರೆ ನುಂಗಿಸ್ಬೇಡಿ, ಸೀದಾ ಆಸ್ಪತ್ರೆ. ಒಂದೇ ಕಾಲು ಊದಿ ಮೀನಖಂಡ ನೋವಾದ್ರೆ, ಇದ್ದಕ್ಕಿದ್ದಂತೆ ಉಸಿರು ಮೇಲೆ ಬಂದ್ರೆ ರಕ್ತ ಹೆಪ್ಪುಗಟ್ಟಿರಬಹುದು, ಅದಕ್ಕೂ ಅದೇ. ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಭೇದಿ ಆದ ದಿನ ವ್ಯಾಯಾಮನೂ ಬಂದ್, ಮಾತ್ರೆ ಬಗ್ಗೆ ಡಾಕ್ಟರಿಗೆ ಫೋನೂ ಮಾಡ್ಬೇಕು.

ನಿಮ್ಮ ಮುಂದೆ ಇರೋ ದಾರಿಗಳಲ್ಲಿ ಅಮ್ಮನ ದಾರೀಲಿ ಬೀಳೋ ಭಯ ಇಲ್ಲ, ಆದ್ರೆ ಕಾಲು ಸೋಲುತ್ತೆ, ರಕ್ತ ಹೆಪ್ಪುಗಟ್ಟೋ ಸಾಧ್ಯತೆನೂ ಏರುತ್ತೆ. ಅಪ್ಪಯ್ಯನ ದಾರೀಲಿ ಮನಸ್ಸು ಗೆಲುವಾಗಿರುತ್ತೆ, ಒಂದು ಜಾರಿಕೆ ಸಾಕು ಸೊಂಟ ಮುರಿಯೋಕೆ. ಮನೇಲೇ ಅಳತೆ ಇಟ್ಟು ಮಾಡೋದು ನನ್ನ ಸಲಹೆ, ಅದರಲ್ಲೂ ಅಪಾಯ ಇದೆ, ಯಾರೂ ನೋಡೋರಿಲ್ಲದೆ ತಪ್ಪು ಮಾಡಬಹುದು. ಅದಕ್ಕೆ ಡ್ರಿಪ್‌ಗೆ ಶಿವಮೊಗ್ಗಕ್ಕೆ ಬಂದ ದಿನವೇ, ಬೇರೆ ಬಸ್ ಖರ್ಚಿಲ್ಲದೆ, ಅಲ್ಲೇ ಯಾರಾದ್ರೂ ಫಿಸಿಯೋಥೆರಪಿಸ್ಟ್ ಹತ್ರ ಅರ್ಧ ಗಂಟೆ ತೋರಿಸ್ಕೊಂಡು ಹೋಗಿ. ಬಸ್ಸಲ್ಲಿ, ಡ್ರಿಪ್ ಕುರ್ಚೀಲಿ ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸ್ತಾ ಇರ್ಲಿ.

ಕೀಮೋ ಮುಂದೆ ಹಾಕೋ ಪ್ರಶ್ನೆ. ಸುಗ್ಗಿ ಅಂದ್ರೆ ಒಂದೂವರೆ ಎರಡು ತಿಂಗಳು, ಅಷ್ಟು ಮುಂದೆ ಹಾಕೋಕೆ ಯಾವ ಡಾಕ್ಟರೂ ಒಪ್ಪಲ್ಲ, ಆಪರೇಷನ್ ಆದ್ಮೇಲೆ ಉಳಿದಿರಬಹುದಾದ ಕೋಶಗಳಿಗೆ ಕೊಡ್ತಿರೋ ಔಷಧಿ ಅದು, ನಡುವೆ ಬಿಟ್ರೆ ಅದರ ಉದ್ದೇಶವೇ ಕೆಡುತ್ತೆ. ಆದ್ರೆ ಕೊನೆಗೌಡ ಬರೋ ದಿನವೇ ಡ್ರಿಪ್ ಬಿದ್ರೆ ಒಂದೆರಡು ದಿನ ಆಚೀಚೆ ಮಾಡೋಕಾಗುತ್ತಾ ಅಂತ ಕೇಳೋದ್ರಲ್ಲಿ ತಪ್ಪಿಲ್ಲ, ಎಷ್ಟೋ ಸಲ ಮಾಡಿಕೊಡ್ತಾರೆ. ಕೊಯ್ಲಿನ ದಿನ ಮೂರನೇ ವಾರಕ್ಕೆ ಬೀಳೋ ಹಾಗೆ ಕೊನೆಗೌಡನ ಹತ್ರ ಈಗಲೇ ಮಾತಾಡಿಟ್ಕೊಂಡ್ರೆ ಇನ್ನೂ ಒಳ್ಳೇದು, ಅಪ್ಪಯ್ಯ ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಗೊನೆ ಎಣಿಸಬಹುದು.